ನಪಾಸಾಗುವ ಕಾರಣಗಳ ಕೆಳಗೆ ನನ್ನ ಫೋಟೋ

ಆಘಾತವಾದಾಗ ಮನುಷ್ಯ ಏನು ಮಾಡಬೇಕು ಎಂಬುದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಸಿನಿಮಾದವರು ಕೈಯಲ್ಲಿದ್ದ ತಟ್ಟೆಯನ್ನು ಬೀಳಿಸುತ್ತಾರೆ, ಎದೆ ಹಿಡಿದುಕೊಂಡು ಗೋಡೆಗೆ ಒರಗುತ್ತಾರೆ. ನನಗೆ ಆಘಾತವಾದಾಗ ನನ್ನ ಮುಂದೆಯೂ ಒಂದು ತಟ್ಟೆ ಇತ್ತು, ಮಿಸಳ-ಪಾವಿನ ತಟ್ಟೆ. ನಾನು ಅದನ್ನು ಬೀಳಿಸಲಿಲ್ಲ. ಕೊಲ್ಹಾಪುರ ಜಿಲ್ಲೆಯ ನಮ್ಮ ಗಡಹಿಂಗ್ಲಜ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕೂತು, ಎಡಗೈಯಲ್ಲಿ ಹಿಡಿದ ಮೊಬೈಲಿನಲ್ಲಿ ನನ್ನ ಹೆಸರಿನ ಮುಂದೆ ‘ಫೇಲ್’ ಎಂದಿರುವುದನ್ನು ಎರಡು ಸಲ ಓದಿ, ಬಲಗೈಯಿಂದ ಪಾವಿನ ತುಂಡನ್ನು ರಸದಲ್ಲಿ ಅದ್ದಿ ತಿಂದೆ. ಸಾಲದ್ದಕ್ಕೆ ಇನ್ನೊಂದು ಪಾವ್ ತರಿಸಿಕೊಂಡೆ. ತಲೆಗೆ ಸುದ್ದಿ ಮುಟ್ಟಿತ್ತು, ಹೊಟ್ಟೆಗೆ ಇನ್ನೂ ಮುಟ್ಟಿರಲಿಲ್ಲ ಎಂದು ಕಾಣುತ್ತದೆ. ಎದ್ದು ಕೈ ತೊಳೆಯುವಾಗ ಮುಟ್ಟಿತು. ನಲ್ಲಿಯ ಕೆಳಗೆ ಕೈ ಹಿಡಿದವನು ಹಾಗೇ ನಿಂತುಬಿಟ್ಟೆ. ಹಿಂದೆ ಮೂವರು ಸರದಿಗೆ ಕಾಯುತ್ತಿದ್ದರು.

ಹದಿನಾರನೆಯ ವಯಸ್ಸಿನಲ್ಲಿ ನಪಾಸಾದರೆ ಅಪ್ಪ ಹೊಡೆಯುತ್ತಾನೆ. ಇಪ್ಪತ್ತರಲ್ಲಿ ನಪಾಸಾದರೆ ಅಪ್ಪ ಮಾತು ಬಿಡುತ್ತಾನೆ, ಅವ್ವ ಹಿಂದಿನ ಬಾಗಿಲಿನಿಂದ ಊಟಕ್ಕೆ ಕರೆಯುತ್ತಾಳೆ. ನಲವತ್ತೇಳರಲ್ಲಿ ನಪಾಸಾದವನಿಗೆ ಏನು ಮಾಡಬೇಕು ಎಂಬ ಪದ್ಧತಿಯೇ ನಮ್ಮಲ್ಲಿ ಹುಟ್ಟಿಲ್ಲ. ಹೊಡೆಯುವ ಹಾಗಿಲ್ಲ, ಮುದ್ದು ಮಾಡುವ ಹಾಗಿಲ್ಲ. ನನ್ನ ಹೆಂಡತಿ ಸುಜಾತಾ ಪಾಪ, ಒಂದು ನಿಮಿಷ ನನ್ನ ಮುಖ ನೋಡಿ, "ಚಾ ಮಾಡ್ಲೇನ್ರಿ?" ಎಂದಳು. ಬೇರೆ ಏನು ಹೇಳುತ್ತಾಳೆ?

ನಪಾಸಾದದ್ದು ವಕೀಲರ ಬಾರ್ ಪರೀಕ್ಷೆಯಲ್ಲಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಾನೂನು ಪದವಿ ಸಿಕ್ಕ ಕೂಡಲೇ ಹೆಸರು ನೋಂದಾಯಿಸಿ ಕರೀಕೋಟು ಹಾಕಿಕೊಳ್ಳಬಹುದು, ಆದರೆ ಅದು ತಾತ್ಕಾಲಿಕ. ಎರಡು ವರ್ಷದೊಳಗೆ ಈ ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಪಾಸಾಗುವವರೆಗೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರಬೇಕು. ನನ್ನ ಎರಡು ವರ್ಷ ಮುಗಿಯಲು ಹದಿನೆಂಟು ದಿನ ಉಳಿದಿತ್ತು.

ನಾನು ಕೋಟು ಹಾಕಿದ್ದೂ ತಡವಾಗಿಯೇ. ಅದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಗಡಹಿಂಗ್ಲಜದ ಹಿರಿಯ ವಕೀಲರಾದ ಅಪ್ಪಾಸಾಹೇಬರ ಬಳಿ ಕಾರಕೂನನಾಗಿದ್ದೆ. ಕಾರಕೂನ ಎಂದರೆ ಫೈಲು ಹೊರುವವನು ಎಂದು ನೀವು ತಿಳಿದಿದ್ದರೆ ಕ್ಷಮಿಸಿದ್ದೇನೆ. ಕಾರಕೂನನ ನಿಜವಾದ ವಿದ್ಯೆ ತಾರೀಖು ತರುವುದು. ವಕೀಲರು ತಯಾರಾಗಿಲ್ಲ, ತಾರೀಖು ಬೇಕು. ಸಾಕ್ಷಿ ಹಾತಕಣಂಗಲೆಯಲ್ಲಿ ರೈಲು ತಪ್ಪಿಸಿಕೊಂಡಿದ್ದಾನೆ, ತಾರೀಖು ಬೇಕು. ಎಲ್ಲರೂ ತಯಾರಾಗಿ ಬಂದಿದ್ದಾರೆ, ಆದರೆ ಯಾಕೋ ಮನಸ್ಸಿಲ್ಲ, ಆಗಲೂ ತಾರೀಖು ಬೇಕು. ಯಾವ ಜಡ್ಜ್ ಸಾಹೇಬರ ಮುಂದೆ ಎಷ್ಟು ತಲೆ ಬಗ್ಗಿಸಬೇಕು, ಯಾರ ಮುಂದೆ ಕೆಮ್ಮಬೇಕು, ಯಾರ ಮುಂದೆ ಸುಮ್ಮನೆ ನಿಂತರೆ ಅವರಾಗಿಯೇ ಬೇಸತ್ತು ತಾರೀಖು ಕೊಡುತ್ತಾರೆ, ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ತಾರೀಖು ಸಿಕ್ಕ ಕೂಡಲೇ ಡೈರಿಯಲ್ಲಿ ಆ ಕೇಸಿನ ಮುಂದೆ ಮರಾಠಿಯಲ್ಲಿ ‘ಪು.ತಾ.’ ಎಂದು ಬರೆಯುತ್ತಿದ್ದೆ. ಪುಢಚಿ ತಾರೀಖ, ಅಂದರೆ ಮುಂದಿನ ತಾರೀಖು. ಬೆಳಿಗ್ಗೆ ಹದಿನೈದು ಕೇಸು ಇದ್ದು ಸಂಜೆಗೆ ಹದಿನೈದರ ಮುಂದೆಯೂ ಪು.ತಾ. ಬಿದ್ದಿದ್ದರೆ ಆ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ, ಎಲ್ಲರೂ ಮತ್ತೆ ಸಿಗುತ್ತಾರೆ. "ಹಾ ಮಾಣೂಸ ಯಮಾಕಡೂನ ಸುದ್ಧಾ ತಾರೀಖ ಘೇಊನ ಯೇಈಲ" ಎಂದು ಅಪ್ಪಾಸಾಹೇಬರು ನನ್ನನ್ನು ಎಲ್ಲರಿಗೂ ಪರಿಚಯಿಸುತ್ತಿದ್ದರು. ಈ ಮನುಷ್ಯ ಯಮನ ಹತ್ತಿರ ಹೋದರೂ ತಾರೀಖು ತಂದಾನು ಎಂಬ ಆ ಮಾತನ್ನು ನಾನು ಪದವಿಯ ಹಾಗೆ ಇಟ್ಟುಕೊಂಡಿದ್ದೆ.

ಇಂಥವನಿಗೆ ನಲವತ್ತು ದಾಟಿದ ಮೇಲೆ ವಕೀಲನಾಗುವ ಹುಚ್ಚು ಹಿಡಿಸಿದ್ದು ನಮ್ಮ ಪದ್ಮವ್ವ ಅತ್ತೆ. ನನ್ನ ಅಪ್ಪನ ಅಕ್ಕ. ಎಪ್ಪತ್ತೆಂಟು ವರ್ಷ. ಬಸದಿಗೆ ಹೋಗಿ ದರ್ಶನ ಮಾಡದೆ ಬಾಯಿಗೆ ತುತ್ತು ಹಾಕುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಈ ಎರಡು ನೇಮಗಳ ನಡುವೆ ಅವಳ ಊಟ. ಅವಳ ಹಿತ್ತಿಲ ಬಾಗಿಲು ತೆಗೆದು ಅಂಗಳ ದಾಟಿದರೆ ನಲವತ್ತು ಹೆಜ್ಜೆಗೆ ಬಸದಿ. ಐವತ್ತು ವರ್ಷ ಹಾಗೆಯೇ ಹೋಗಿ ಬಂದಿದ್ದಳು. ಪಕ್ಕದ ಮನೆಯ ಶಿವಲಿಂಗಪ್ಪ ಹೊಸದಾಗಿ ಸ್ಲ್ಯಾಬ್ ಹಾಕಿಸಿದ. ಅದರ ಮಳೆನೀರಿನ ಪೈಪು ನೇರವಾಗಿ ಅತ್ತೆಯ ಅಂಗಳಕ್ಕೆ ಬಾಯಿ ಬಿಟ್ಟಿತು. ಆಷಾಢ ಬಂತೆಂದರೆ ಅಂಗಳದಲ್ಲಿ ಮೊಣಕಾಲಿನವರೆಗೆ ನೀರು. ಬೇರೆಯವರಾಗಿದ್ದರೆ ಸೀರೆ ಎತ್ತಿಕೊಂಡು ದಾಟುತ್ತಿದ್ದರು. ಅತ್ತೆಗೆ ಆಗದು. ನಿಂತ ನೀರಿನಲ್ಲಿ ಹುಳುಗಳಿರುತ್ತವೆ, ಕಾಲಿಟ್ಟರೆ ಸಾಯುತ್ತವೆ, ಅದೂ ಚಾತುರ್ಮಾಸದಲ್ಲಿ. ಹಾಗಾಗಿ ಮಳೆಗಾಲದ ನಾಲ್ಕು ತಿಂಗಳು ಅವಳು ಮುಂಬಾಗಿಲಿನಿಂದ ಹೊರಟು, ಬಜಾರು ಸುತ್ತಿ, ನೋಯುವ ಮೊಣಕಾಲಿಗೆ ಮೂರು ಕಡೆ ಕೂತು ದಮ್ಮು ತೆಗೆದುಕೊಂಡು, ಬಸದಿಗೆ ಹೋಗಿ ಬಂದು ಬಾಯಿಗೆ ನೀರು ಹಾಕುವಾಗ ಹನ್ನೊಂದೂವರೆ. ಕೇಸು ಹಾಕೋಣ ಎಂದು ಅಪ್ಪಾಸಾಹೇಬರು ಹೇಳಿದರೆ, "ನಮ್ಮ ಭರತ್ಯಾ ವಕೀಲ ಆಗಲ್ರಿ. ಅವನs ನಿಂತು ಮಾತಾಡ್ಲಿ. ಮಂದಿ ಕೈಯಾಗ ನಾ ಕೊಡಂಗಿಲ್ಲ" ಎಂದುಬಿಟ್ಟಳು. ಭರತ್ಯಾ ಎಂದರೆ ನಾನು, ಭರತೇಶ. ನಾನು ಕೊಲ್ಹಾಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಓದಿದೆ. ಅವಳು ಕಾದಳು. ಕೋಟು ಹೊಲಿಸಿದ ವಾರದಲ್ಲೇ ನನ್ನ ಮೊದಲ ವಕಾಲತ್ತಿನ ಮೇಲೆ ಅವಳ ಹೆಬ್ಬೆಟ್ಟು ಬಿತ್ತು. ಆಮೇಲೆ ಎರಡು ಮಳೆಗಾಲ ಆಗಿಹೋದವು, ಹನ್ನೊಂದು ತಾರೀಖು ಆದವು. ಪ್ರತಿ ಸಲ ಕೋರ್ಟಿನಿಂದ ಹೊರಗೆ ಬಂದು ಅವಳಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು, "ಹೋಗ್ಲಿ ಬಿಡ ಅತ್ತಿ, ಮುಂದಿನ ತಾರೀಖಿಗೆ ಆಗತೈತಿ."

ಇನ್ನು ನನ್ನ ಫೋಟೋ ಇದ್ದ ಫ್ಲೆಕ್ಸಿನ ಕಥೆ. ಪರೀಕ್ಷೆಗೆ ತಿಂಗಳಿರುವಾಗ ಇಚಲಕರಂಜಿಯಿಂದ ಕಾನೂನು ವಿದ್ಯಾರ್ಥಿಗಳ ಒಂದು ಮಂಡಳಿಯವರು ಅಪ್ಪಾಸಾಹೇಬರನ್ನು ಭಾಷಣಕ್ಕೆ ಕರೆದರು. ಈಗ ಕೊಲ್ಹಾಪುರಕ್ಕೇ ಹೈಕೋರ್ಟಿನ ಪೀಠ ಬಂದ ಮೇಲೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಒಬ್ಬರಿಗೆ ಕರೀಕೋಟಿನ ಕನಸು ಬೀಳುತ್ತಿದೆ. ವಿಷಯ, ‘ಬಾರ್ ಪರೀಕ್ಷೆಯಲ್ಲಿ ನಪಾಸಾಗಲು ಸಾಮಾನ್ಯ ಕಾರಣಗಳು’. ಅಪ್ಪಾಸಾಹೇಬರು ಅಭ್ಯಾಸದಂತೆ ನನ್ನತ್ತ ನೋಡಿ, "ಭರತೇಶ, ಯಾಂಚ್ಯಾಕಡೂನ ತಾರೀಖ ಘೇ" ಎಂದರು, ಇವರ ಹತ್ತಿರವೂ ಒಂದು ತಾರೀಖು ತಗೋ ಎಂದು. ಹಾಲ್ ಬುಕ್ ಆಗಿದೆ, ತಾರೀಖು ಸಾಧ್ಯವಿಲ್ಲ ಎಂದರು ಬಂದವರು. "ತರ ಮಗ ಹಾಚ ಯೇಈಲ", ಹಾಗಾದರೆ ಇವನೇ ಬರುತ್ತಾನೆ, ಎಂದು ನನ್ನನ್ನು ತೋರಿಸಿ ಅಪ್ಪಾಸಾಹೇಬರು ಒಳಗೆ ಹೋದರು. ನಾನು ಬೇಡ ಎನ್ನಬೇಕಾಗಿತ್ತು. ಪರೀಕ್ಷೆ ನಾನೇ ಇನ್ನೂ ಬರೆಯಬೇಕಿದೆ ಎಂದು ಹೇಳಬೇಕಾಗಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ಭಾಷಣಕ್ಕೆ ಕರೆದಿದ್ದಾರೆ. "ಫೋಟೋ ಕಳಿಸ್ರಿ ಸರ್, ಫ್ಲೆಕ್ಸ್ ಮಾಡ್ತೇವಿ" ಎಂದರು. ಕಳಿಸಿದೆ.

ಇಚಲಕರಂಜಿಯ ಚೌಕದಲ್ಲಿ ಬಸ್ಸಿನಿಂದ ಇಳಿದು ತಲೆಯೆತ್ತಿದರೆ ನಾನು! ಒಂದು ಮನೆಯ ಬಾಗಿಲಿನಷ್ಟು ದೊಡ್ಡ ಮುಖ. ಕರೀಕೋಟು, ಬಿಳಿ ಪಟ್ಟಿ, ಎಂದೂ ಇಲ್ಲದ ಗಂಭೀರತೆ. ತಲೆಯ ಮೇಲೆ ಕೆಂಪು ಅಕ್ಷರದಲ್ಲಿ ಮರಾಠಿಯಲ್ಲಿ ‘ನಪಾಸಾಗುವ ಕಾರಣಗಳು’. ಈ ಮುಖ ನೋಡಿದರೇ ನಪಾಸಾಗುತ್ತಾರೋ ಎಂಬ ಹಾಗಿತ್ತು. ಆಗ ನನಗೆ ಹಾಗೆ ಅನ್ನಿಸಲಿಲ್ಲ, ಸೆಲ್ಫಿ ತೆಗೆದುಕೊಂಡು ಸುಜಾತಾಳಿಗೆ ಕಳಿಸಿದೆ.

ಭಾಷಣ ಜೋರಾಗಿಯೇ ಆಯಿತು. ಪಕ್ಕದ ಓಣಿಯಲ್ಲಿ ಪವರ್‌ಲೂಮುಗಳು ಖಟಖಟ ಎನ್ನುತ್ತಿದ್ದುದರಿಂದ ಜೋರಾಗಿ ಮಾತಾಡದೆ ದಾರಿಯೂ ಇರಲಿಲ್ಲ. ಹೊಸ ಸಂಹಿತೆಗಳು ಬಂದರೂ ಹುಡುಗರು ಹಳೆಯ ಕಲಮುಗಳನ್ನೇ ಹಿಡಿದುಕೊಂಡಿರುತ್ತಾರೆ, ಕೊಲೆಯ ನಂಬರು ಬದಲಾದರೂ ನಾಲಿಗೆಯ ಮೇಲಿನದು ಬದಲಾಗಿಲ್ಲ, ಮೋಸಗಾರನನ್ನು ಇವತ್ತಿಗೂ ಹಳೆಯ ನಂಬರಿನಿಂದಲೇ ಬೈಯುತ್ತೇವೆ ಎಂದೆ. ನಕ್ಕರು. ಹುರುಪು ಬಂತು. ಪರೀಕ್ಷೆಗೆ ಕಾಯಿದೆ ಪುಸ್ತಕ ಒಯ್ಯಬಹುದು ಎಂದ ಕೂಡಲೇ ಓದುವುದನ್ನು ಬಿಟ್ಟುಬಿಡುವವರಿದ್ದಾರೆ, ಎರಡು ಚೀಲ ಪುಸ್ತಕ ಹೊತ್ತು ಬೀಗರ ಮನೆಗೆ ಹೊರಟವರ ಹಾಗೆ ಬರುತ್ತಾರೆ, ಯಾವುದರಲ್ಲಿ ಏನಿದೆ ಗೊತ್ತಿರುವುದಿಲ್ಲ ಎಂದೆ. ಉತ್ತರ ಪತ್ರಿಕೆಯ ಮೇಲೆ ಪ್ರಶ್ನೆಪತ್ರಿಕೆಯ ಸೆಟ್ ತೋರಿಸುವ ಸಣ್ಣ ವೃತ್ತವನ್ನು, ನಮ್ಮ ಮಾತಿನ ಗೋಲವನ್ನು, ತುಂಬಲು ಮರೆಯುವ ಮಹಾನುಭಾವರ ಬಗ್ಗೆ ಹತ್ತು ನಿಮಿಷ ಮರುಗಿದೆ. ಕೊನೆಗೆ, ಎಲ್ಲಕ್ಕಿಂತ ದೊಡ್ಡ ಕಾರಣ ಅತಿಯಾದ ಆತ್ಮವಿಶ್ವಾಸ ಎಂದು ಎದೆಯುಬ್ಬಿಸಿ ಹೇಳಿ ನಿಲ್ಲಿಸಿದೆ. ಚಪ್ಪಾಳೆ. ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಕೈಯಲ್ಲಿ ನೋಟ್‌ಬುಕ್ಕು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದಳು.

"ಸರ್, ನೀವು ಯಾವ ವರ್ಷ ಪಾಸ್ ಆದ್ರಿ?"

ಹತ್ತೊಂಬತ್ತು ವರ್ಷದ ಅನುಭವ ಸುಮ್ಮನಿರಲಿಲ್ಲ, ಬಾಯಿಗೆ ಬಂದದ್ದು, "ಮುಂದಿನ ತಿಂಗಳ." ಸಭೆ ಬಿದ್ದು ಬಿದ್ದು ನಕ್ಕಿತು. ಹಾಸ್ಯ ಮಾಡಿದೆ ಎಂದು ತಿಳಿದರು. ಸಂಘಟಕರು ತಲೆಗೆ ಕೊಲ್ಹಾಪುರಿ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಆ ಹುಡುಗಿ ಮಾತ್ರ ನಗಲಿಲ್ಲ. ನೋಟ್‌ಬುಕ್ಕು ಮುಚ್ಚಿ ಕೂತಳು. ಹೆಸರು ಸುಮತಿ, ನೇಕಾರರ ಮನೆಯ ಮಗಳು, ಲೂಮಿನ ಸಪ್ಪಳದಲ್ಲೇ ಓದಿದವಳು ಎಂದು ಆಮೇಲೆ ತಿಳಿಯಿತು.

ಪರೀಕ್ಷೆ ಪುಣೆಯಲ್ಲಿ. ರೈಲು ಹಾತಕಣಂಗಲೆಯಲ್ಲಿ ನಿಂತಾಗ ಸುಮತಿ ಮತ್ತು ಅವಳ ಗೆಳತಿಯರು ನನ್ನದೇ ಡಬ್ಬಿ ಹತ್ತಿದರು. ಎಲ್ಲರೂ ಕಾಲಿಗೆ ನಮಸ್ಕಾರ ಮಾಡಿದರು. ನಾನು ದಾರಿಯುದ್ದಕ್ಕೂ ಧೈರ್ಯ ಹೇಳಿದೆ. ನನ್ನ ಚೀಲದಲ್ಲಿ ಹದಿಮೂರು ಪುಸ್ತಕಗಳಿದ್ದವು. ಅತ್ತೆ ಶ್ರುತಪಂಚಮಿಯ ದಿನ ಶಾಸ್ತ್ರಗ್ರಂಥಗಳ ಜೊತೆಗೇ ಅವನ್ನೂ ಪೂಜೆಗಿಟ್ಟು ಹೊಸ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದಳು. ಆ ಗಂಟುಗಳನ್ನು ಬಿಚ್ಚಲು ಪರೀಕ್ಷೆಯಲ್ಲಿ ಕಾಲು ಗಂಟೆ ಹೋಯಿತು. ನಪಾಸಾಗಲು ಅದು ಕಾರಣವಲ್ಲ. ಅತ್ತೆಯ ಮೇಲೆ ಹಾಕಲು ನನಗೆ ಮನಸ್ಸಿತ್ತು, ಆದರೆ ಕಾರಣ ಅದಲ್ಲ.

ಹಾಲಿನಲ್ಲಿ ನಾನು ತಯಾರಾಗಿಯೇ ಕೂತಿದ್ದೆ. ಸೆಟ್ಟಿನ ಗೋಲವನ್ನು ಎಲ್ಲರಿಗಿಂತ ಮೊದಲು ತುಂಬಿದೆ. ನೂರು ಪ್ರಶ್ನೆ, ಮೂರೂವರೆ ಗಂಟೆ. ಮೊದಲನೆಯದು ಸಲೀಸು. ಎರಡನೆಯದರಲ್ಲಿ ಎರಡು ಉತ್ತರ ಸರಿ ಅನ್ನಿಸಿತು. ವಿಚಾರ ಮಾಡೋಣ, ಅವಸರವೇನು ಎಂದು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಸಣ್ಣದಾಗಿ ಗುರುತು ಹಾಕಿ ಮುಂದೆ ಹೋದೆ. ಹೀಗೆ ಒಂದೊಂದೇ ಪ್ರಶ್ನೆಯನ್ನು ಕರೆದು, ಅದರ ಹೇಳಿಕೆ ಕೇಳಿಕೊಂಡು, ಗೊತ್ತಿದ್ದದ್ದಕ್ಕೆ ತೀರ್ಪು ಕೊಟ್ಟು, ಸಂಶಯವಿದ್ದದ್ದಕ್ಕೆ ಗುರುತು ಹಾಕಿ ನೂರನೆಯದನ್ನು ಮುಟ್ಟುವಷ್ಟರಲ್ಲಿ ಮೇಲ್ವಿಚಾರಕರು ಹತ್ತು ನಿಮಿಷ ಉಳಿದಿದೆ ಎಂದರು. ನಾನು ಎದ್ದು ನಿಂತೆ. ತಲೆ ಬಗ್ಗಿಸಿ, ಬಲಗೈ ಎದೆಯ ಮೇಲಿಟ್ಟು, "ಸಾಹೇಬ, ಥೋಡೀ ಮುದತ..." ಎಂದೆ. ಸ್ವಲ್ಪ ಗಡುವು ಕೊಡಿ ಎಂದು. ಅವರು ನನ್ನನ್ನು ನೋಡಿದ ರೀತಿಯಿಂದ ಒಂದು ಮಾತು ಗೊತ್ತಾಯಿತು, ನನ್ನ ವಿದ್ಯೆ ಗಡಹಿಂಗ್ಲಜದ ಹೊರಗೆ ನಡೆಯುವುದಿಲ್ಲ. ಆದರೂ ಹೊರಗೆ ಬಂದಾಗ ಮನಸ್ಸು ಹಗುರಾಗಿತ್ತು. ನೂರಕ್ಕೆ ನೂರನ್ನೂ ಓದಿದ್ದೆನಲ್ಲ! ಕೋರ್ಟಿನಲ್ಲಿ ಬೋರ್ಡಿನ ಮೇಲಿನ ಎಲ್ಲ ಕೇಸುಗಳೂ ಕೂಗಿ ಮುಗಿದ ದಿನ ಹೀಗೇ ಅನ್ನಿಸುತ್ತದೆ. ಸುಮತಿ ಹೊರಗೆ ಸಿಕ್ಕು, "ಹೆಂಗಾತ್ರಿ ಸರ್?" ಎಂದರೆ, "ಎಲ್ಲಾ ಮುಗಿಸೇನಿ" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಫಲಿತಾಂಶದ ದಿನದ ಮಿಸಳದ ವಿಷಯ ಆಗಲೇ ಹೇಳಿದ್ದೇನೆ. ಅದರ ಮಾರನೆಯ ದಿನ ನನ್ನ ಫ್ಲೆಕ್ಸಿನ ಫೋಟೋ ವಾಟ್ಸ್ಯಾಪಿನಲ್ಲಿ ಓಡಾಡತೊಡಗಿತು. ಮೊದಲು ವಕೀಲರ ಗುಂಪಿನಲ್ಲಿ, ಆಮೇಲೆ ಬಸದಿಯ ಗುಂಪಿನಲ್ಲಿ, ಆಮೇಲೆ ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಕೆಲಸ ಮಾಡುವ ನನ್ನ ಭಾವಮೈದುನನಿಂದ ನನಗೇ ಬಂತು. ಅವನ ಒಕ್ಕಣೆ, "ಭಾವೋಜಿ, ಇದು ನೀವs ಏನ್ರಿ?" ಕೋರ್ಟಿನ ಆವರಣದಲ್ಲಿ ಸಿಕ್ಕವರೆಲ್ಲ ಕಾರಣ ಹೇಳುವವರೇ. ವಯಸ್ಸಾಯಿತು ಎಂದ ಒಬ್ಬ. ಇಂಗ್ಲಿಷ್ ಪೇಪರು ತೆಗೆದುಕೊಂಡದ್ದು ತಪ್ಪು ಎಂದ ಇನ್ನೊಬ್ಬ. ಯಾರೋ ಕಣ್ಣು ಹಾಕಿದ್ದಾರೆ, ಅಷ್ಟು ದೊಡ್ಡ ಫೋಟೋ ಹಾಕಿಸಿಕೊಂಡರೆ ಮತ್ತೇನಾಗುತ್ತದೆ ಎಂದಳು ಮನೆಯಲ್ಲಿ ಸುಜಾತಾ. ನನಗೆ ಈ ಕೊನೆಯ ಕಾರಣವೇ ಹೆಚ್ಚು ಕಾನೂನುಬದ್ಧ ಅನ್ನಿಸಿತು.

ಸುಮತಿ ಪಾಸಾಗಿದ್ದಳು. ಅವಳ ಸೋದರಮಾವನ ಮನೆ ಗಡಹಿಂಗ್ಲಜದಲ್ಲೇ ಇದ್ದುದರಿಂದ ಅಪ್ಪಾಸಾಹೇಬರ ಬಳಿಯೇ ಜ್ಯೂನಿಯರ್ ಆಗಿ ಸೇರಿಕೊಂಡಳು. ನನ್ನ ಎರಡು ವರ್ಷ ಮುಗಿದ ದಿನ ಅಪ್ಪಾಸಾಹೇಬರು ನನ್ನ ಮುಖ ನೋಡದೆ, "ಭರತೇಶ, ಆತ್ಯಾಚೀ ಕೇಸ ಹಿಲಾ ಸಮಜಾವೂನ ಸಾಂಗ" ಎಂದರು, ಅತ್ತೆಯ ಕೇಸನ್ನು ಇವಳಿಗೆ ತಿಳಿಸಿ ಹೇಳು ಎಂದು. ನಾನು ಮನೆಯಿಂದ ಚೀಲ ತಂದು ಮೇಜಿನ ಮೇಲೆ ಸುರಿದೆ. ಅತ್ತೆಯ ಫೈಲಿನ ಜೊತೆ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಹೊರಗೆ ಬಿತ್ತು. ನಾನು ತೆಗೆದಿಡುವಷ್ಟರಲ್ಲಿ ಸುಮತಿ ಎತ್ತಿಕೊಂಡಿದ್ದಳು.

"ಸರ್, ಇದೇನ್ರಿ ಬಾಜೂಕ ಪು.ತಾ., ಪು.ತಾ. ಅಂತ ಬರದೀರಿ?"

ನಾನು ಬಗ್ಗಿ ನೋಡಿದೆ. ನನ್ನದೇ ಅಕ್ಷರ. ಎರಡನೆಯ ಪ್ರಶ್ನೆಯ ಅಂಚಿನಲ್ಲಿ ಪು.ತಾ. ಐದರ ಅಂಚಿನಲ್ಲಿ ಪು.ತಾ. ಆರು, ಏಳು, ಒಂಬತ್ತು. ನಾನು ಹಾಕಿದೆನೆಂದು ಹೇಳಿದೆನಲ್ಲ ಆ ಗುರುತು, ಅದು ಇದು. ಕೈ ತನ್ನ ಪಾಡಿಗೆ ಬರೆದುಕೊಂಡು ಹೋಗಿದೆ, ನನ್ನನ್ನು ಕೇಳಿಯೂ ಇಲ್ಲ. ಸುಮತಿ ಬೆರಳಿಟ್ಟು ಎಣಿಸಿದಳು. ಐವತ್ತೊಂಬತ್ತು.

"ಇವಕ್ಕೆಲ್ಲಾ ಉತ್ರಾ ತುಂಬs ಇಲ್ಲೇನ್ರಿ?"

"ಆಮ್ಯಾಲ ತುಂಬೂಣಂತ..."

"ಆಮ್ಯಾಲ ಅಂದ್ರ ಯಾವಾಗ್ರಿ ಸರ್? ತಪ್ಪು ಉತ್ರಕ್ಕ ಮಾರ್ಕ್ ಕಳಿಯಂಗಿಲ್ಲಲ್ರಿ. ಪಾಸಾಗಾಕ ನಲವತ್ತೈದು ಸಾಕ್ರಿ, ಕಣ್ಣ ಮುಚ್ಚಿ ಗೋಲ ತುಂಬಿದ್ರೂ ಪಾಸ್ ಆಗ್ತಿದ್ರಿ!"

ಫಲಿತಾಂಶ ನೋಡಿದಾಗ ಆದದ್ದು ಆಘಾತವೇ ಅಲ್ಲ, ಈಗ ಆದದ್ದು ಆಘಾತ. ಕುರ್ಚಿಯ ಮೇಲೆ ಕೂತೆ. ನನಗೆ ಉತ್ತರ ಗೊತ್ತಿಲ್ಲದೆ ನಪಾಸಾಗಿದ್ದರೆ ಮರ್ಯಾದೆಯಾದರೂ ಇರುತ್ತಿತ್ತು. ಪುಸ್ತಕ ಮುಂದೆ ಇತ್ತು, ಅರ್ಧದಷ್ಟು ಉತ್ತರಗಳು ನಾಲಿಗೆಯ ತುದಿಯಲ್ಲಿದ್ದವು. ಐವತ್ತೊಂಬತ್ತು ಪ್ರಶ್ನೆಗಳು ಇವತ್ತಿಗೂ ಪುಣೆಯ ಆ ಹಾಲಿನಲ್ಲಿ ಮುಂದಿನ ತಾರೀಖಿಗೆ ಕಾಯುತ್ತಾ ಕೂತಿರಬೇಕು. ಇಚಲಕರಂಜಿಯಲ್ಲಿ ಒಂದು ಗಂಟೆ ಗಂಟಲು ಹರಿದುಕೊಂಡೆನಲ್ಲ, ಈ ಕಾರಣ ಮಾತ್ರ ನನಗೆ ಹೊಳೆದಿರಲಿಲ್ಲ.

ಸುಮತಿ ಅಷ್ಟರಲ್ಲಿ ಅತ್ತೆಯ ಫೈಲು ತೆರೆದಿದ್ದಳು. ಮೇಲಿನ ಹಾಳೆಯಲ್ಲಿ ಹನ್ನೊಂದು ತಾರೀಖುಗಳು, ಹನ್ನೊಂದರ ಮುಂದೆಯೂ ಪು.ತಾ. ಅವಳು ಆ ಹಾಳೆಯನ್ನು ನೋಡಿದಳು, ಪ್ರಶ್ನೆಪತ್ರಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇಷ್ಟು ತಾರೀಖು ಎದುರಿನವ್ರು ಕೇಳಿದ್ದೇನ್ರಿ?"

ನಾನು ಪ್ರಶ್ನೆಪತ್ರಿಕೆಯನ್ನು ಎತ್ತಿ ಚೀಲದೊಳಗೆ ತುರುಕಿದೆ.

"ಅಪ್ಪಾಸಾಹೇಬ್ರು ಕೇಳ್ಯಾರೇನ್ರಿ?"

"ಇಲ್ಲವ್ವಾ. ನಾನs ಕೇಳೇನಿ."

"ನಮ್ಮ ಕೇಸಿನಾಗ ನಾವs? ಯಾಕ್ರಿ?"

ಯಾಕೆ ಎಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಜಡ್ಜ್ ಸಾಹೇಬರೂ ಕೇಳಿರಲಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಸಲ ಆ ಕೋಟು ಹಾಕಿಕೊಂಡು ನಿಂತಿದ್ದೆ, ಹನ್ನೊಂದು ಸಲವೂ ವಾದದ ಕಾಗದ ಕೈಯಲ್ಲಿತ್ತು, ಹನ್ನೊಂದು ಸಲವೂ ಬಾಯಿ ತೆರೆದರೆ ಬಂದದ್ದು ಮುದತು. ನನಗೆ ಹೆದರಿಕೆ. ಇಷ್ಟೇ ವಿಷಯ. ನಿಂತು ಮಾತಾಡಿ ಸೋತುಬಿಟ್ಟರೆ? ಅತ್ತೆ ಹಿಂದಿನ ಬೆಂಚಿನಿಂದ ನೋಡುತ್ತಿರುವಾಗ ಸೋತುಬಿಟ್ಟರೆ? ಉತ್ತರ ಕೊಡದವನು ತಪ್ಪುವುದೂ ಇಲ್ಲವಲ್ಲ. ಈ ಸುಖದಲ್ಲಿ ನಾನು ಇಷ್ಟು ವರ್ಷ ಇದ್ದೆ, ಅದರ ಬೆಲೆಯಾಗಿ ಆ ಮುದುಕಿ ಹನ್ನೊಂದೂವರೆಯವರೆಗೆ ಹಸಿದುಕೊಂಡು ಬಜಾರು ಸುತ್ತಿದ್ದಳು. ಸುಮತಿಯ ಮುಂದೆ ಇದನ್ನೆಲ್ಲ ಹೇಳಲಾಗಲಿಲ್ಲ. "ಹಂಗs ಆತು" ಎಂದೆ.

ಹನ್ನೆರಡನೆಯ ತಾರೀಖಿಗೆ ನಾನು ಬಿಳಿ ಅಂಗಿಯಲ್ಲಿ ಅತ್ತೆಯ ಪಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕೇಸು ಕೂಗಿದರು. ಜಡ್ಜ್ ಸಾಹೇಬರು ಫೈಲಿನ ಹೆಸರು ನೋಡಿದವರೇ ತಲೆಯೆತ್ತದೆ ಹೊಸ ತಾರೀಖು ಬರೆಯಲು ಕ್ಯಾಲೆಂಡರಿನತ್ತ ಕೈ ಚಾಚಿದರು. ನನ್ನ ಕೀರ್ತಿ ಅಷ್ಟು ಹಬ್ಬಿತ್ತು. "ಆಮ್ಹೀ ತಯಾರ ಆಹೋತ" ಎಂದಳು ಸುಮತಿ. ನಾವು ತಯಾರಿದ್ದೇವೆ. ಸಾಹೇಬರ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಎದುರಿನ ಶಿವಲಿಂಗಪ್ಪ ತನ್ನ ವಕೀಲರ ಕೋಟು ಜಗ್ಗಿ ಕಿವಿಯಲ್ಲಿ ಏನೋ ಹೇಳಿದ, ವಕೀಲರು ಎದ್ದು ಏನೋ ಹೇಳಿದರು, ಸಾಹೇಬರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು, ಒಂದು ಕಾಗದದ ಮೇಲೆ ಶಿವಲಿಂಗಪ್ಪ ಸಹಿ ಮಾಡಿದ, ಅತ್ತೆ ಹೆಬ್ಬೆಟ್ಟು ಒತ್ತಿದಳು. ಇಪ್ಪತ್ತು ನಿಮಿಷ. ಏನಾಯಿತು ಎಂದು ನನಗೆ ತಿಳಿದದ್ದು ಪಡಸಾಲೆಗೆ ಬಂದ ಮೇಲೆ, ಶಿವಲಿಂಗಪ್ಪ ಅತ್ತೆಯ ಕಾಲು ಮುಟ್ಟಿ ನನ್ನ ಕಡೆ ತಿರುಗಿದಾಗ.

"ವಕೀಲಸಾಹೇಬ್ರ, ಪೈಪು, ಬೆಂಡು ಎಲ್ಲಾ ತಂದು ಎರಡು ವರ್ಸ ಆತ್ರಿ. ಮಾಳಿಗಿ ಮ್ಯಾಲ ಬಿದ್ದೈತಿ. ಆ ಕಡೆ ಗಟಾರಕ್ಕ ತಿರುವಿದ್ರ ಮುಗೀತು. ನಮ್ಮ ವಕೀಲ್ರು, ಕೇಸ್ ನಡದೈತಿ, ಕೈ ಹಚ್ಚಬ್ಯಾಡ, ಕೋರ್ಟಿನಾಗs ಹೇಳೂಣು ಅಂದ್ರು. ಹೇಳೂಣಂತ ಪ್ರತಿ ತಾರೀಖಿಗೂ ಬರ್ತೇನ್ರಿ. ನಾ ಕಟಕಟಿಗಿ ಬರೂದ್ರಾಗ ನೀವು ತಾರೀಖು ತಗೊಂಡು ಹೊಂಟಿರತೀರಿ!"

ಇದು ಮೂರನೆಯ ಆಘಾತ. ಈ ಸಲ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಇದ್ದಿದ್ದರೆ ಖಂಡಿತ ಬೀಳಿಸುತ್ತಿದ್ದೆ.

ಮಳೆ ಹಿಡಿಯಿತು. ಮೊದಲನೆಯ ದೊಡ್ಡ ಮಳೆ ಸುರಿದ ಮರುದಿನ ಬೆಳಿಗ್ಗೆ ಎಂಟಕ್ಕೆ ಅತ್ತೆಯ ಮನೆಗೆ ಹೋದೆ. ಹಿತ್ತಿಲ ಬಾಗಿಲು ತೆರೆದಿತ್ತು. ಅಂಗಳದ ಕಲ್ಲುಗಳು ತೊಳೆದಿಟ್ಟ ಹಾಗೆ ಇದ್ದವು, ಎಲ್ಲೂ ನೀರು ನಿಂತಿರಲಿಲ್ಲ. ಅತ್ತೆ ಆಗಲೇ ದರ್ಶನ ಮುಗಿಸಿ ಬಂದು, ಹೊಸ್ತಿಲ ಬಳಿ ಕೂತು ಬಿಸಿ ಭಕ್ಕರಿ ತಿನ್ನುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಊಟ ಮಾಡುವುದನ್ನು ನೋಡಿ ಎಷ್ಟು ಮಳೆಗಾಲ ಆಗಿತ್ತು! ನನಗೆ ತಡೆಯಲಾಗಲಿಲ್ಲ. ಎದುರಿಗೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಹನ್ನೊಂದು ತಾರೀಖೂ ನಾನೇ ಕೇಳಿದ್ದು, ಹೆದರಿ ಕೇಳಿದ್ದು, ಪರೀಕ್ಷೆಯಲ್ಲೂ ಅದನ್ನೇ ಮಾಡಿದ್ದು, ಕೋಟು ಹೋದದ್ದು. ನಲವತ್ತೇಳರ ಗಂಡಸು ಅತ್ತೆಯ ಮುಂದೆ ಕಣ್ಣೊರೆಸಿಕೊಂಡೆ.

ಅವಳು ಭಕ್ಕರಿಯ ತುಂಡನ್ನು ತಾಟಿನಲ್ಲಿಟ್ಟು, ಎಡಗೈಯಿಂದ ನನ್ನ ತಲೆ ಸವರಿ, ಭಾಳ ಪ್ರೀತಿಯಿಂದ ಹೇಳಿದಳು.

"ಹೋಗ್ಲಿ ಬಿಡೋ ಭರತ್ಯಾ. ಮುಂದಿನ ತಾರೀಖಿಗೆ ಆಗತೈತಿ."

ಆ ಮಾತು ಕೇಳಿದವರಿಗೆ ಹೇಗೆ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು. ಕೇಳಿದೆ, "ಅತ್ತಿ, ನಾ ಹನ್ನೊಂದ ಸಲಾ ಹಿಂಗs ಅಂದಾಗ ನಿನಗ ಖರೆ ಅನಿಸ್ತಿತ್ತೇನ?"

"ಮತ್ತ ಸುಳ್ಳ ಅನಿಸ್ತದೇನೋ? ನೀ ಕೋಟ್ ಹಾಕ್ಕೊಂಡಿದ್ದಿ" ಎಂದು ಅವಳು ತಾಟು ಎಳೆದುಕೊಂಡಳು.

ಮನೆಗೆ ಬಂದವನೇ ಮೊಬೈಲು ತೆಗೆದು ಮುಂದಿನ ಪರೀಕ್ಷೆಯ ಅರ್ಜಿ ತುಂಬಲು ಕೂತೆ. ಕೊನೆಯ ದಿನಕ್ಕೆ ಇನ್ನೂ ಮೂರು ವಾರವಿತ್ತು. ಸುಜಾತಾ ಗಾಬರಿಯಾಗಿ, "ಯಾಕ್ರಿ, ಆರಾಮ ಇಲ್ಲೇನು?" ಎಂದು ಹಣೆ ಮುಟ್ಟಿ ನೋಡಿದಳು. ಎಲ್ಲ ಖಾನೆಗಳನ್ನೂ ತುಂಬಿದೆ, ಒಂದನ್ನೂ ಬಿಡಲಿಲ್ಲ. ಕೊನೆಗೆ ಫೋಟೋ ಕೇಳಿತು. ಇಚಲಕರಂಜಿಗೆ ಕಳಿಸಿದ ಮೂಲ ಫೋಟೋ ಮೊಬೈಲಿನಿಂದ ಅಳಿಸಿಹೋಗಿತ್ತು, ಕೋಟು ಹಾಕಿಕೊಂಡದ್ದು ನನ್ನ ಬಳಿ ಉಳಿದಿದ್ದದ್ದು ಒಂದೇ, ಫ್ಲೆಕ್ಸಿನ ಮೇಲಿನದು. ಸ್ಟುಡಿಯೋಕ್ಕೆ ನಾಳೆ ಹೋದರಾಯಿತು ಎಂದುಕೊಂಡವನು ನಾಳೆ ಎಂಬ ಪದಕ್ಕೇ ಬೆಚ್ಚಿ, ಆ ಫೋಟೋವನ್ನೇ ಮೊಬೈಲಿನಲ್ಲಿ ನಾಲ್ಕೂ ಕಡೆ ಕತ್ತರಿಸಿದೆ. ಎಷ್ಟು ಕತ್ತರಿಸಿದರೂ ತಲೆಯ ಮೇಲೆ ಕೆಂಪು ಅಕ್ಷರದ ಒಂದು ತುಣುಕು ಉಳಿಯುತ್ತದೆ. ಇನ್ನೂ ಕೆಳಗೆ ಕತ್ತರಿಸಿದರೆ ನನ್ನ ಹಣೆಯೇ ಹೋಗುತ್ತದೆ. ಕಡೆಗೆ ಹಾಗೆಯೇ ಕಳಿಸಿಬಿಟ್ಟೆ. ‘ನಪಾಸಾಗುವ’ ಎಂಬುದು ಹೋಗಿದೆ. ‘ಕಾರಣ’ ಎಂಬುದು ಉಳಿದಿದೆ, ಅದರ ಕೆಳಗೆ ನಾನಿದ್ದೇನೆ.